ಪೂಜೆಗಿಟ್ಟ ಸರ್ವರ್

೩ ಅಕ್ಟೋಬರ್ ೨೦೨೫, ಶುಕ್ರವಾರ

ಡೇಟಾಬೇಸ್ ವಾಪಸ್ ಬಂತು. ಅದರ ಜೊತೆ ನಾನೂ ವಾಪಸ್ ಬಂದುಬಿಟ್ಟಿದ್ದೇನೆ. ಅದೇ ತಲೆ ಕೊರೆಯುತ್ತಿದೆ.

ಆಯುಧಪೂಜೆಯ ಮಧ್ಯಾಹ್ನ ನಮ್ಮ ವಧೂವರ ಕೇಂದ್ರದ ಯಜಮಾನರು ಸಿದ್ದಮಲ್ಲಪ್ಪನವರು ಸರ್ವರ್ ಆಫ್ ಮಾಡಿಸಿ, ವಿಭೂತಿ ಬಳಿದು, ಹೂ ಏರಿಸಿದರು. "ಪೂಜೆಗಿಟ್ಟ ಮೇಲೆ ಮುಟ್ಬಾರ್ದು ಕಣಮ್ಮ" ಎಂದರು. ಹಾಗಾಗಿ ಆ ರಾತ್ರಿಯ ಬ್ಯಾಕಪ್ ಆಗಲೇ ಇಲ್ಲ. ಇವತ್ತು ಆನ್ ಮಾಡಿದರೆ ಡಿಸ್ಕ್ ಸತ್ತಿತ್ತು. ಹೊಸ ಡಿಸ್ಕ್ ಹಾಕಿ, ಹಬ್ಬದ ಹಿಂದಿನ ರಾತ್ರಿಯ ಬ್ಯಾಕಪ್ ತೆಗೆದು ರಿಸ್ಟೋರ್ ಮಾಡಿದೆ. ಹೋದದ್ದು ಹಬ್ಬದ ಬೆಳಿಗ್ಗೆಯ ಕೆಲಸ ಮಾತ್ರ.

ಆ ಬೆಳಿಗ್ಗೆಯೇ ನಾನು, ನನ್ನನ್ನು ನೋಡಿಹೋಗಿದ್ದ ವಿಶ್ವನಾಥ್ ಅವರಿಗೆ ಫೋನಿನಲ್ಲಿ ಮದುವೆಗೆ ಒಪ್ಪಿಗೆ ಹೇಳಿ, ಕೇಂದ್ರದಲ್ಲಿದ್ದ ನನ್ನ ವಿವರ ಅಳಿಸಿದ್ದೆ. ಈಗ ಅದು ಮತ್ತೆ ಬಂದು ಕೂತಿದೆ: ಹೇಮಶ್ರೀ, ವರ ಬೇಕಾಗಿದ್ದಾರೆ.

"ಎಲ್ಲಾ ಸರಿಹೋಯ್ತೇನಮ್ಮ?" ಎಂದು ಯಜಮಾನರು ಕೇಳಿದರು. "ಹೋಯ್ತು ಸರ್" ಅಂದುಬಿಟ್ಟೆ.

ಅವತ್ತು ಯೋಚಿಸದೆ ಅಳಿಸಿದವಳು ಇವತ್ತು ಅದನ್ನೇ ಅಳಿಸುವ ಕಮಾಂಡ್ ಟೈಪ್ ಮಾಡಿ, ಎಂಟರ್ ಒತ್ತದೆ ಮನೆಗೆ ಬಂದಿದ್ದೇನೆ. ವಿಶ್ವನಾಥ್ ಒಳ್ಳೆಯವರೇ. ಬೇಡ ಅನ್ನಿಸುತ್ತಿಲ್ಲ. ಬೇಕು ಅನ್ನಿಸುತ್ತಿದೆಯೇ?

ಸಂಜೆ ಅವರೇ ಫೋನ್ ಮಾಡಿ ಸರ್ವರ್ ಸರಿಹೋಯಿತೇ ಎಂದು ವಿಚಾರಿಸಿದರು. ಇನ್ನೊಂದು ಕೆಲಸ ಬಾಕಿಯಿದೆ ಅಂದೆ.

"ಬೇಗ ಮುಗಿಸ್ಬುಡಿ ಕಣ್ರೀ" ಎಂದು ನಕ್ಕರು.

ಹೂಂ ಅಂದೆನೋ ಇಲ್ಲವೋ, ಈಗ ನೆನಪಾಗುತ್ತಿಲ್ಲ.