ಸೊಳ್ಳಮ್ಮನ ರಿಪೋರ್ಟ್

ಹದಿನಾಲ್ಕು, ಮಂಗಳವಾರ.

ಹೆಸರು ಸೊಳ್ಳಮ್ಮ, ವಯಸ್ಸು ನೂರಾ ಹತ್ತು. ಬೆಳಿಗ್ಗೆ ನನ್ನದೇ ರಕ್ತದ ಟ್ಯೂಬಿಗೆ ಹೀಗೆ ಚೀಟಿ ಅಂಟಿಸಿ ಮೇಷ್ಟ್ರ ಟ್ರೇಯಲ್ಲಿ ಇಡುವಾಗ ನಗು ತಡೆಯಲಾಗಲಿಲ್ಲ. ಲ್ಯಾಬಿನಲ್ಲಿ ನನ್ನ ಪಕ್ಕ ಕೂರುವ ಹಿರಿಯರನ್ನು ಎಲ್ಲರೂ ಕರೆಯುವುದೇ ಮೇಷ್ಟ್ರು ಎಂದು. ಹೋದ ತಿಂಗಳು ಅವರ ಕುರ್ಚಿಯನ್ನು ಮಕ್ಕಳ ವಾರ್ಡಿಗೆ ಸಾಗಿಸಿದ್ದೆ. ಪಾಪ, ಒಮ್ಮೆಯೂ ಸೇಡು ತೀರಿಸಿಕೊಂಡವರಲ್ಲ.

ಮಧ್ಯಾಹ್ನ ರಿಪೋರ್ಟ್ ಹಿಡಿದು ಬಂದರು.

"ಈ ಸೊಳ್ಳಮ್ಮ ಯಾರಮ್ಮ?"

"ಯಾಕೆ ಮೇಷ್ಟ್ರೇ, ಕಚ್ಚಿದ್ಲಾ?"

ಅವರು ನಗಲಿಲ್ಲ. "ಎರಡು ಸಲ ಮಷಿನ್‌ಗೆ ಹಾಕ್ದೆ. ಬಿಳಿ ರಕ್ತಕಣ ಇಷ್ಟೊಂದು ಇರಬಾರ್ದು. ಸ್ಲೈಡ್ ಮಾಡಿ ಕಣ್ಣಾರೆ ನೋಡ್ದೆ. ಯಾರೇ ಆಗ್ಲಿ, ಬೇಗ ಡಾಕ್ಟರ್ ಹತ್ರ ಹೋಗ್ಬೇಕು."

ಅಂತೂ ಸೇಡು ತೀರಿಸಿಕೊಂಡಿರಿ ಎಂದು ಜೋರಾಗಿ ನಕ್ಕೆ. ಅವರ ಕಣ್ಣು ನನ್ನ ತೋಳಿಗೆ ಇನ್ನೂ ಅಂಟಿಕೊಂಡಿದ್ದ ಹತ್ತಿಯ ಮೇಲೆ ಬಿತ್ತು. ಕನ್ನಡಕ ತೆಗೆದು ಒರೆಸುತ್ತಾ ನಿಂತುಬಿಟ್ಟರು.

"ನಾಳೆ ಇನ್ನೊಂದು ಸಲ ತೆಗೆದು ನೋಡೋಣ. ತಿಂಡಿ ತಿಂದ್ಕೊಂಡೇ ಬಾ," ಎಂದರು. ಇಷ್ಟು ಮೆತ್ತಗೆ ಅವರು ಯಾರೊಡನೆಯೂ ಮಾತಾಡಿದ್ದಿಲ್ಲ.

ಅಮ್ಮನಿಗೆ ಹೇಳಿಲ್ಲ. ತಿಂಗಳಿಂದ ಸುಸ್ತು, ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ಬ್ರಷ್ ಒರಟು ಎಂದುಕೊಂಡು ಹೊಸದು ತಂದೆ. ಈಗ ಹೊಸದರಿಂದ ಉಜ್ಜಿ ಬಂದೆ. ಅದೂ ಕೆಂಪಾಗಿದೆ.

ದೇವರೇ, ನಾಳೆ ಮೇಷ್ಟ್ರು ಹೊಟ್ಟೆ ಹುಣ್ಣಾಗುವಂತೆ ನಗಲಿ. ಇಡೀ ಲ್ಯಾಬಿನೆದುರು ನನ್ನನ್ನು ಮಂಗ ಮಾಡಲಿ. ಆದರೆ ಐದು ವರ್ಷದಿಂದ ಪಕ್ಕದಲ್ಲೇ ಕೂತಿದ್ದೇನೆ. ಅವರಿಗೆ ತಮಾಷೆ ಮಾಡಲು ಬರುವುದಿಲ್ಲ.