ನಲವತ್ತೊಂದು ಮಿಲಿಮೀಟರ್ ಮಳೆ ಮತ್ತು ಒಂದು ಖಾಲಿ ಜಾಗ

ಬೆಟ್ಟದ ಸಂಶೋಧನಾ ಕೇಂದ್ರದ ಯೋಜನಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಒಣಬೆಟ್ಟದ ಗಿಡಗಳನ್ನು ಮುಂದಿನ ನೂರು ವರ್ಷ ಅಭ್ಯಾಸ ಮಾಡುವ ಕೇಂದ್ರವೊಂದನ್ನು ಕಟ್ಟಲು, ಇಪ್ಪತ್ತೊಂಬತ್ತು ವರ್ಷಗಳಿಂದ ಅಭ್ಯಾಸ ನಡೆಯುತ್ತಿರುವ ಗಿಡಗಳನ್ನೇ ಕಿತ್ತೆಸೆಯುವ ತಮ್ಮ ತೀರ್ಮಾನವನ್ನು ಓದಿ ಧನ್ಯಳಾದೆ. ಬರುವ ತಿಂಗಳ ನಾಲ್ಕರಂದು ಬುಲ್ಡೋಜರ್ ಬೆಟ್ಟ ಹತ್ತಲಿದೆಯಂತೆ. ಅದಕ್ಕಿಂತ ಮೊದಲು ಈ ಪತ್ರ ತಮ್ಮ ಕಚೇರಿಯ ಮೆಟ್ಟಿಲು ಹತ್ತಲಿ ಎಂಬ ಆಸೆಯಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ತಮ್ಮ ವರದಿಯನ್ನು ನಾನು ಪೂರ್ತಿ ಓದಿದ್ದೇನೆ. ಜಂಬವೇನಿಲ್ಲ, ನಾನು ಜೆರಾಕ್ಸ್ ಅಂಗಡಿಯವಳು. ನೂರಾ ನಲವತ್ತು ಪುಟಗಳ ನಲವತ್ತು ಪ್ರತಿ ತೆಗೆದು, ಸುರುಳಿ ತಂತಿ ಪೋಣಿಸಿ ಕಳಿಸಿದ್ದು ಈ ಕೈಗಳೇ. ಯಂತ್ರ ಬಿಸಿಯಾಗಿ ನಿಂತಾಗಲೆಲ್ಲ ಪುಟ ತಿರುವಿದೆ. ಸಮಿತಿಯಲ್ಲಿ ಯಾರಾದರೂ ಒಬ್ಬರು ಓದಿದ್ದರೆ ಓದಿದವರು ಒಟ್ಟು ಇಬ್ಬರಾದೆವು. ಹನ್ನೊಂದನೆಯ ಪುಟ ಹೇಳುತ್ತದೆ: ‘ಇಪ್ಪತ್ತೊಂಬತ್ತು ವರ್ಷಗಳ ಅಮೂಲ್ಯ ದಾಖಲೆ ಇರುವುದರಿಂದ ಈ ಬೆಟ್ಟವನ್ನು ಆರಿಸಲಾಗಿದೆ.’ ಎಪ್ಪತ್ತೊಂದನೆಯ ಪುಟ ಹೇಳುತ್ತದೆ: ‘ಮುಖ್ಯ ಕಟ್ಟಡ, ಅತಿಥಿಗೃಹ ಮತ್ತು ಕೊಳವನ್ನು ಮಧ್ಯದ ಸಮತಟ್ಟಾದ ಖಾಲಿ ಜಾಗದಲ್ಲಿ ನಿರ್ಮಿಸಲಾಗುವುದು.’ ಆ ಅಮೂಲ್ಯ ದಾಖಲೆ ಆಕಾಶದಿಂದ ಉದುರಿತೆಂದು ತಾವು ಭಾವಿಸಿದ್ದೀರಾ? ಅದು ಬಂದದ್ದು ಆ ಖಾಲಿ ಜಾಗದಿಂದಲೇ. ಅಲ್ಲಿ ಕಬ್ಬಿಣದ ಗೂಟ ಹೊಡೆದು ಗುರುತು ಮಾಡಿದ ಹತ್ತು ಚೌಕಗಳಿವೆ. ಅವುಗಳಲ್ಲಿ ಆರುನೂರ ಹನ್ನೆರಡು ಗಿಡಗಳಿವೆ, ಪ್ರತಿ ಗಿಡದ ಬುಡದಲ್ಲೂ ಸಂಖ್ಯೆ ಕೊರೆದ ತಗಡಿನ ಬಿಲ್ಲೆಯಿದೆ. ಖಾಲಿಯಲ್ಲ ಎನ್ನಿಸಿಕೊಳ್ಳಲು ಇನ್ನೆಷ್ಟು ತುಂಬಿರಬೇಕು, ಸ್ವಾಮಿ?

ಅವುಗಳನ್ನು ಎಣಿಸುವವರು ನನ್ನನ್ನು ಸಾಕಿದ ದೊಡ್ಡಮ್ಮ. ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದವರು. ಗೂಟ ಹೊಡೆಸಿದ ಸಸ್ಯಶಾಸ್ತ್ರದ ಮೇಷ್ಟ್ರು, ‘ಎರಡು ವರ್ಷ ನೋಡಿಕೊಳ್ಳಮ್ಮ’ ಎಂದು ಪುಸ್ತಕ ಕೊಟ್ಟು ಹೋದರು, ಆಮೇಲೆ ಈ ಲೋಕವನ್ನೇ ಬಿಟ್ಟು ಹೋದರು. ದೊಡ್ಡಮ್ಮ ಮಾತ್ರ ನಿಲ್ಲಿಸಲಿಲ್ಲ. ವರ್ಷಕ್ಕೆರಡು ಬಾರಿ ಬೆಟ್ಟ ಹತ್ತಿ ಬದುಕಿದ್ದೆಷ್ಟು, ಸತ್ತದ್ದೆಷ್ಟು, ಹೊಸ ಮೊಳಕೆಯೆಷ್ಟು ಎಂದು ಬರೆಯುತ್ತಾರೆ. ಬೆಟ್ಟದ ಬುಡದಲ್ಲಿರುವ ಮನೆಯ ಹಿತ್ತಲಲ್ಲಿ ಮಳೆ ಅಳೆಯುವ ಡಬ್ಬಿ ಇದೆ, ಅದನ್ನು ದಿನಾ ಬೆಳಿಗ್ಗೆ ಎಂಟೂವರೆಗೆ ನೋಡುತ್ತಾರೆ. ಮುನ್ನೂರ ಹದಿನೆಂಟನೆಯ ಗಿಡ ಇಷ್ಟೂ ವರ್ಷಗಳಲ್ಲಿ ಬೆಳೆದದ್ದು ಒಂದು ಗೇಣು. ಅದರ ಬಗ್ಗೆ ಮಾತಾಡುವಾಗ ದೊಡ್ಡಮ್ಮನ ಮುಖ ನೋಡಬೇಕು. ನಾನು ಹತ್ತನೇ ತರಗತಿ ಪಾಸಾದಾಗಲೂ ಅಷ್ಟು ಅರಳಿರಲಿಲ್ಲ.

ಹೋದ ವಾರ ನಾವಿಬ್ಬರೂ ತಮ್ಮ ಕಚೇರಿಗೆ ಬಂದಿದ್ದೆವು. ತಾವು ಸಭೆಯಲ್ಲಿದ್ದಿರಿ. ಎಂಜಿನಿಯರ್ ಸಾಹೇಬರು ಸಿಕ್ಕರು.

“ಅಮ್ಮಾ, ಗಿಡ ತಾನೇ? ಬೇರೆ ಕಡೆ ನೆಟ್ಟುಕೊಡ್ತೀವಿ ಬಿಡಿ.”

ದೊಡ್ಡಮ್ಮ ಮಡಿಲಲ್ಲಿದ್ದ ಚೀಲವನ್ನು ಸರಿಮಾಡಿಕೊಂಡರು. “ಆಗಲಿ ಸಾರ್. ನೆಟ್ಟು ಇಪ್ಪತ್ತೊಂಬತ್ತು ವರ್ಷ ಆದ್ಮೇಲೆ ಹೇಳಿಕಳಿಸಿ, ಎಣಿಸೋಕೆ ಬರ್ತೀನಿ.”

ಸಾಹೇಬರು ನಗಲಿಲ್ಲ. ನಕ್ಷೆ ಹರಡಿದರು. “ನೋಡಿ, ಪೂರ್ವದ ಕಲ್ಲುಬಂಡೆ ಮೇಲೆ ಕಟ್ಟಬಹುದಿತ್ತು. ಅಲ್ಲಿ ನೀರು ನಿಲ್ಲಲ್ಲ. ಈ ಸಮತಟ್ಟಿಗಾದ್ರೆ ಬೇಸಿಗೇಲೂ ಮಳೆನೀರು ಹರಿದು ಬರುತ್ತೆ, ಕೊಳ ತುಂಬುತ್ತೆ. ನಾವೇನು ಗಾಳೀಲಿ ಮಾತಾಡ್ತಿಲ್ಲಮ್ಮ. ಇದು ನೀವೇ ಬರೆದಿರೋದು.” ನಾನು ಬರೀ ಅಂಕಿಗಳೆಂದು ಕಣ್ಣಾಡಿಸಿ ದಾಟಿದ್ದ ಅರವತ್ತಮೂರನೆಯ ಪುಟದ ಮೇಲೆ ಬೆರಳಿಟ್ಟರು. ಏಳು ವರ್ಷಗಳ ಹಿಂದೆ, ನಡುಬೇಸಿಗೆಯಲ್ಲಿ, ಒಂದೇ ದಿನ ನಲವತ್ತೊಂದು ಮಿಲಿಮೀಟರ್ ಮಳೆ.

ಮಾನ್ಯರೇ, ಆ ಮಳೆಯನ್ನು ಸುರಿಸಿದ್ದು ನಾನು.

ಬೀದಿಯಲ್ಲಿ ನನ್ನನ್ನು ತರಲೆ ಎಂದು ಕರೆಯುತ್ತಾರೆ. ಎರಡು ವರ್ಷಗಳ ಹಿಂದೆ ತಮ್ಮ ಕಚೇರಿಯ ಗೋಡೆಗೆ ‘ಕಾಯುತ್ತಿರುವವರು ತಾವು ಕಾಯುತ್ತಿರುವುದಾಗಿ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು’ ಎಂಬ ಸುತ್ತೋಲೆ ಅಂಟಿಸಿದವಳೂ ನಾನೇ. ತಮ್ಮವರು ಮೂರು ದಿನ ಆ ಅರ್ಜಿಗಳಿಗೆ ಸ್ವೀಕೃತಿ ಸಂಖ್ಯೆ ಕೊಟ್ಟರು. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಏಳು ವರ್ಷಗಳ ಹಿಂದಿನ ಪರೀಕ್ಷೆಯ ರಜೆಯಲ್ಲಿ, ದೊಡ್ಡಮ್ಮ ಬೆರಗಾಗುವುದನ್ನು ನೋಡಬೇಕೆಂದು, ಕುಡಿಯುವ ನೀರಿನ ಮುಕ್ಕಾಲು ಬಾಟಲಿಯನ್ನು ಆ ಡಬ್ಬಿಗೆ ಸುರಿದೆ. ಅವರು ಬೆರಗಾಗಲಿಲ್ಲ. ಅಳೆದರು, ಬರೆದರು, ಒಳಗೆ ಹೋದರು. ತಮಾಷೆ ಠುಸ್ಸೆಂದಿತು, ನಾನು ಮರೆತೆ. ಅದೇ ನೀರು ಏಳು ವರ್ಷ ಕಡತಗಳಲ್ಲಿ ಹರಿದು ಬಂದು ಆರುನೂರ ಹನ್ನೆರಡು ಗಿಡಗಳ ಬುಡವನ್ನೇ ಕೊಚ್ಚುತ್ತದೆಂದು ಯಾರಿಗೆ ಗೊತ್ತಿತ್ತು?

ಬಸ್ಸಿಗೆ ಕಾಯುವಾಗ ತಪ್ಪೊಪ್ಪಿಕೊಂಡೆ.

“ಗೊತ್ತು,” ಎಂದರು ದೊಡ್ಡಮ್ಮ.

“ಯಾವಾಗಿಂದ?”

“ಅವತ್ತಿಂದ. ಡಬ್ಬೀಲಿ ನೀರು, ಪಕ್ಕದ ತಂತಿ ಮೇಲೆ ಒಣಗಿದ ಬಟ್ಟೆ. ನನ್ನನ್ನೇನು ಅಷ್ಟು ಪೆದ್ದಿ ಅಂದ್ಕೊಂಡ್ಯಾ?”

“ಮತ್ಯಾಕೆ ಬರೆದೆ ದೊಡ್ಡಮ್ಮ?”

“ಡಬ್ಬೀಲಿ ಇತ್ತಲ್ಲ. ಇವತ್ತು ಇದು ಸುಳ್ಳು ಅಂತ ಬಿಟ್ರೆ, ನಾಳೆ ಇನ್ನೊಂದು ನನಗೆ ಇಷ್ಟ ಇಲ್ಲ ಅಂತ ಬಿಡ್ತೀನಿ. ಇದ್ದದ್ದು ಅಂಕಿಗೆ, ಅನುಮಾನ ಷರಾಕ್ಕೆ. ಮೇಷ್ಟ್ರು ಕಲಿಸಿದ್ದು ಅಷ್ಟೇ.”

ಮನೆಗೆ ಹೋದ ಮೇಲೆ ಪುಸ್ತಕ ತೆಗೆದು ತೋರಿಸಿದರು. ಕೊನೆಯ ಕಾಲಂ, ಟಿಪ್ಪಣಿಗೆಂದೇ ಇರುವ ಷರಾ. ಗುಂಡಗಿನ ಅಕ್ಷರ: ‘ಮೋಡವಿಲ್ಲ. ಬಟ್ಟೆ ಒಣಗಿವೆ. ಮಗಳು ಬೆಳಗ್ಗಿನಿಂದ ವಿಪರೀತ ಒಳ್ಳೆಯವಳಾಗಿದ್ದಾಳೆ. ಇದನ್ನು ಮಳೆಯೆಂದು ಹಿಡಿಯಬಾರದು.’ ದೊಡ್ಡಮ್ಮ ವರ್ಷವರ್ಷವೂ ಕಳಿಸುವ ಪ್ರತಿಗಳ ಜೊತೆ ಈ ಪುಟವೂ ಆ ವರ್ಷವೇ ತಮ್ಮ ಕಚೇರಿಗೆ ಬಂದಿದೆ. ಕಂಪ್ಯೂಟರಿಗೆ ಏರಿಸುವಾಗ ತಮ್ಮವರು ಅಂಕಿಗಳನ್ನು ಏರಿಸಿ, ಷರಾ ಕಾಲಮನ್ನು ಉದ್ದವಾಯಿತೆಂದು ಬಿಟ್ಟಿದ್ದಾರೆ. ವರದಿಯ ಕೋಷ್ಟಕದಲ್ಲಿ ಆ ಕಾಲಮೇ ಇಲ್ಲ.

ಫೋನಿನಲ್ಲಿ ಇದನ್ನು ತಿಳಿಸಿದಾಗ ತಮ್ಮ ಕಚೇರಿಯವರು ಕೇಳಿದ್ದು ಒಂದೇ ಮಾತು: “ಹಾಗಾದ್ರೆ ಮಿಕ್ಕ ಅಂಕಿಗಳನ್ನ ಹೇಗಮ್ಮ ನಂಬೋದು?” ಅವತ್ತಿನಿಂದ ನನಗೆ ನಿದ್ದೆಯಿಲ್ಲ. ನನ್ನ ಮುಕ್ಕಾಲು ಬಾಟಲಿ ನೀರಿನಲ್ಲಿ ದೊಡ್ಡಮ್ಮನ ಇಪ್ಪತ್ತೊಂಬತ್ತು ವರ್ಷ ತೊಳೆದುಹೋದರೆ? ಸುಮ್ಮನಿದ್ದರೆ ಗಿಡ ಹೋಗುತ್ತದೆ, ಬಾಯಿಬಿಟ್ಟರೆ ಅವರ ಮಾತಿನ ಬೆಲೆ ಹೋಗುತ್ತದೆ. ಬರೆಯಲೇ ಎಂದು ಕೇಳಿದೆ. “ಬರಿ. ನೀನು ಸುರಿದಿದ್ದೂ ನಡೆದಿದ್ದೇ ತಾನೇ,” ಎಂದರು. ಅದಕ್ಕೇ ಕೇಳುತ್ತೇನೆ: ಸಾಕಿದ ಮಗಳ ಮುಖದ ಕಳ್ಳತನವನ್ನೂ ಬಿಡದೆ ದಾಖಲಿಸಿದ ಹೆಂಗಸನ್ನು ನಂಬದೆ, ಇನ್ನು ಯಾರನ್ನು ನಂಬುತ್ತೀರಿ? ಖಾಲಿ ಜಾಗ ಎಂದು ಬರೆದವರನ್ನೇ?

ನನ್ನ ಬೇಡಿಕೆ ದೊಡ್ಡದಲ್ಲ. ನಾಲ್ಕನೆಯ ತಾರೀಕಿನ ಬುಲ್ಡೋಜರನ್ನು ತಡೆಯಿರಿ. ಕೇಂದ್ರ ಬೇಕು, ಖಂಡಿತ ಬೇಕು. ದೊಡ್ಡಮ್ಮನ ಮಂಡಿ ಇನ್ನೆಷ್ಟು ವರ್ಷ ಬೆಟ್ಟ ಹತ್ತೀತು? ಅದನ್ನು ಪೂರ್ವದ ಬಂಡೆಯ ಮೇಲೆ ಕಟ್ಟಿ, ನೀರನ್ನು ಕೆಳಗಿನಿಂದ ಏರಿಸಿ. ಹೇಗೂ ಬೇಸಿಗೆಯಲ್ಲಿ ಕೊಳ ತುಂಬುವ ಮಳೆ ಆ ಸಮತಟ್ಟಿಗೂ ಬರುವುದಿಲ್ಲ, ನಾನು ದಿನಾ ಬಾಟಲಿ ಹಿಡಿದು ನಿಲ್ಲದ ಹೊರತು. ಮತ್ತು ದಯವಿಟ್ಟು ಆ ಷರಾಗಳನ್ನು ಓದಿ.

ಇವತ್ತು ಬೆಳಿಗ್ಗೆ ದೊಡ್ಡಮ್ಮ ಎಣಿಕೆಗೆ ಹೋಗಿದ್ದಾರೆ, ಎರಡು ತಿಂಗಳು ಮೊದಲೇ. ಹೊರಡುವ ಮೊದಲು ಪುಸ್ತಕದ ಮುಂದಿನ ಹಾಳೆಗೂ ಅಡಿಪಟ್ಟಿ ಇಟ್ಟು ಗೆರೆ ಎಳೆದಿಟ್ಟಿದ್ದಾರೆ: ಗಿಡದ ಸಂಖ್ಯೆ, ಎತ್ತರ, ಬದುಕಿದೆಯೋ ಇಲ್ಲವೋ, ಷರಾ. ಅವರು ಇದ್ದದ್ದನ್ನೇ ಬರೆಯುವವರು. ಆ ಹಾಳೆಯಲ್ಲಿ ಏನಿರಬೇಕೆಂಬುದು ಈಗ ತಮ್ಮ ಕೈಯಲ್ಲಿದೆ.

ಇಂತಿ,
ಬದುಕಿನಲ್ಲಿ ಒಂದೇ ಒಂದು ಸಲ ಮಳೆ ಸುರಿಸಿ,
ಇನ್ನೂ ಒದ್ದೆಯಾಗಿಯೇ ನಿಂತಿರುವ
ಜೆರಾಕ್ಸ್ ಅಂಗಡಿಯ ತರಲೆ