ಕಂಬದೊಳಗೆ ಉಳಿದ ದಾರ

ಮರ್ಮರಿಸ್, ಟರ್ಕಿ
ನವೆಂಬರ್ ೪

ಚಿಗವ್ವಾ,

ಈ ವರ್ಷದ ಹಾಯಿದೋಣಿ ಕೆಲಸ ಮುಗಿಯಿತು. ದೋಣಿಯನ್ನು ಕ್ರೇನಿನಿಂದ ಎತ್ತಿ ದಂಡೆಯ ಮೇಲೆ ಊರುಗೋಲು ಕೊಟ್ಟು ನಿಲ್ಲಿಸಿದ್ದಾರೆ. ಊರಿಗೆ ಬರುವ ವಿಮಾನಕ್ಕೆ ಇನ್ನೂ ಮೂರು ವಾರ. ಅಲ್ಲಿಯವರೆಗೆ ಏಣಿ ಹತ್ತಿ ಹೋಗಿ ಅದರಲ್ಲೇ ಮಲಗುತ್ತೇನೆ. ಕೆಳಗೆ ಕೋಳಿಗಳು ಅಡ್ಡಾಡುತ್ತವೆ.

ನಿನ್ನೆ ಹಾಯಿಕಂಬದೊಳಗಿನ ಹಗ್ಗಗಳನ್ನು ತೊಳೆದಿಡಲು ಹೊರಗೆಳೆದೆವು. ನಾನು ಪ್ರತಿ ಹಗ್ಗದ ತುದಿಗೂ ತೆಳು ದಾರ ಹೊಲಿದು, ಹಗ್ಗ ಬಂದರೂ ದಾರ ಒಳಗೇ ಉಳಿಯುವಂತೆ ಮಾಡಿದೆ. ಬರುವ ವರ್ಷ ಆ ದಾರಕ್ಕೆ ಕಟ್ಟಿ ಎಳೆದರೆ ಹಗ್ಗ ಮತ್ತೆ ಮೇಲೇರುತ್ತದೆ. ಅದನ್ನೇ ಕಲಿಸಲು ಬಂದಿದ್ದ ಕ್ಯಾಪ್ಟನ್, ಯಾರು ಹೇಳಿಕೊಟ್ಟರು ಎಂದ. ಇಳಕಲ್ಲಿನ ನಮ್ಮ ಚಿಗವ್ವ ಎಂದೆ. ಅವರು ಯಾವ ಸಮುದ್ರದಲ್ಲಿದ್ದರು ಎಂದು ಕೇಳಿದ. ಪಕ್ಕದೂರು ಹುನಗುಂದ ದಾಟಿದವಳಲ್ಲ ಎಂದರೆ ನಂಬಲಿಲ್ಲ.

ಸೀರೆ ಇಳಿಸುವಾಗಲೆಲ್ಲ ಮಗ್ಗದಲ್ಲಿ ಗೇಣುದ್ದ ಎಳೆ ಉಳಿಸಿ, "ಹಳೀ ಎಳಿ ಪೂರ್ತಿ ಕೊಯ್ದ್ರ ಹೊಸಾ ಹಾಸಿನ ಎಳಿ ಯಾವುದಕ್ಕ ಕೂಡಸ್ತೀ?" ಎನ್ನುತ್ತಿದ್ದವಳು ನೀನಲ್ಲವೇ?

ಉಪ್ಪುನೀರಿಗೆ ಒಡೆದಿದ್ದ ಅಂಗೈ ಮಾಯ್ದಿದೆ, ಚಿಂತಿಸಬೇಡ.

ಮೊನ್ನೆ ನಿನ್ನ ಮಗಳು ಸುಮಾ ಫೋನಿನಲ್ಲಿ, "ಈ ಸೀರಿ ಮುಗದ ಮ್ಯಾಲೆ ಅವ್ವ ಮಗ್ಗಾ ಬಿಚ್ಚಿಸ್ತಾಳಂತ" ಎಂದಳು. ನಿನಗೆ ಫೋನಿನಲ್ಲಿ ಹೇಳಿದರೆ ಮಾತು ಮರೆಸುತ್ತೀ, ಅದಕ್ಕೇ ಈ ಕಾರ್ಡು. ಬೇಸಿಗೆಯವರೆಗೆ ನಾನು ಮನೆಯಲ್ಲೇ ಇರುತ್ತೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಸೀರೆ ಕೊಯ್ದುಕೋ, ಎಳೆ ಮಾತ್ರ ಬಿಟ್ಟಿರು. ಕೂಡಿಸಲು ಬರುತ್ತಿದ್ದೇನೆ.

ಪ್ರಿಯದರ್ಶಿನಿ